ಸ್ಟಿಕರ್ ಕಿತ್ರೆ ಕೆಳಗೆ ಇನ್ನೊಂದು ಡೇಟು! ಇಂಪೋರ್ಟೆಡ್ ತಿಂಡಿ ತರೋರು ಸ್ವಲ್ಪ ಓದಿ

ಜಯನಗರ_ಅಮ್ಮ

ಮೊನ್ನೆ ಶನಿವಾರ ಆಗಿದ್ದು. ಮಗಳ ಬರ್ತ್‌ಡೇಗೆ ರಿಟರ್ನ್ ಗಿಫ್ಟ್ ಕೊಡಕ್ಕೆ ಅಂತ ಮನೆ ಹತ್ರದ ಇಂಪೋರ್ಟೆಡ್ ಐಟಂ ಅಂಗಡೀಲಿ ವೇಫರ್ ಬಿಸ್ಕತ್ತು ಆರು ಡಬ್ಬ ತಂದೆ, ತಗಡಿನ ಡಬ್ಬ, ಮೇಲೆ ಪೂರ್ತಿ ಯಾವುದೋ ಬೇರೆ ಲಿಪಿ, ನನಗೆ ಓದಕ್ಕೆ ಬರೋದು ಅದಕ್ಕೆ ಅಂಟಿಸಿದ್ದ ಬಿಳಿ ಸ್ಟಿಕರ್ ಒಂದೇ. ಸ್ಟಿಕರ್‌ನಲ್ಲಿ ಎಕ್ಸ್‌ಪೈರಿ ನವೆಂಬರ್ ಅಂತ ಇತ್ತು, ಸರಿ ಅಂತ ದುಡ್ಡು ಕೊಟ್ಟು ಬಂದೆ.

ನಮ್ಮ ಮಗಳಿಗೆ ಸ್ಟಿಕರ್ ಕಂಡ್ರೆ ಕೈ ಸುಮ್ನಿರಲ್ಲ. ಉಗುರಲ್ಲಿ ಕೆರೆದು ಕೆರೆದು ಒಂದು ಮೂಲೆ ಎಬ್ಬಿಸಿ ಪೂರ್ತಿ ಕಿತ್ತಾಕಿದ್ದಾಳೆ. ಕೆಳಗೆ ತಗಡಿನ ಮೇಲೇ ಕಪ್ಪು ಇಂಕಲ್ಲಿ ಚುಕ್ಕಿಚುಕ್ಕಿಯಾಗಿ ಅಚ್ಚಾಗಿರೋ ಡೇಟು ಇದೆ, ಅದು ಮಾರ್ಚ್! ಮಿಕ್ಕ ಐದೂ ಕಿತ್ತು ನೋಡಿದೆ, ನಾಲ್ಕರಲ್ಲಿ ಮಾರ್ಚ್, ಒಂದರಲ್ಲಿ ಆ ಜಾಗ ಥಿನ್ನರ್ ಹಾಕಿ ಒರೆಸಿದ ಹಾಗೆ ಮಸುಕು. ಡಬ್ಬ ತೆಗೆದ್ರೆ ಕಮಟು ವಾಸನೆ, ಹಳೇ ಎಣ್ಣೇಲಿ ಕರಿದ ಚಕ್ಕುಲಿ ತಿಂಗಳುಗಟ್ಟಲೆ ಇಟ್ರೆ ಬರುತ್ತಲ್ಲ, ಆ ಥರ.

ಪುಣ್ಯಕ್ಕೆ ಬೇರೆ ಮಕ್ಕಳಿಗೆ ಇನ್ನೂ ಕೊಟ್ಟಿರಲಿಲ್ಲ. ನನ್ನ ಪ್ರಶ್ನೆ ಇಷ್ಟೇ, ಹೊರಗಿಂದ ಬರೋ ತಿಂಡಿಯನ್ನ ಇಲ್ಲಿ ಯಾರಾದ್ರೂ ನೋಡ್ತಾರಾ ಇಲ್ವಾ? ಸ್ಟಿಕರ್ ಅಂಟಿಸೋದು ಕಾನೂನಾ, ಕಳ್ಳತನಾನಾ?

ಸ್ವದೇಶಿ_ಸೀನ

ಅದಕ್ಕೇ ಹೇಳೋದು ಮೇಡಂ, ಹೊರಗಿನ ಮಾಲೇ ಬೇಡ ಅಂತ. ಚೀನಾ ಹಾಲಿನ ಪುಡಿ ನೆನಪಿದ್ಯಾ? ಪ್ಲಾಸ್ಟಿಕ್ ಅಕ್ಕಿ? ಆಪಲ್ ಮೇಲೆ ಮೇಣ? ಆ ಆಪಲ್ ಮೇಲಿರೋ ಸಣ್ಣ ಸ್ಟಿಕರ್‌ನಲ್ಲಿ ನಂಬರ್ 8ರಿಂದ ಶುರುವಾದ್ರೆ ಅದು ಕುಲಾಂತರಿ ಅಂತೆ, ನೋಡ್ಕೊಂಡು ತಗೊಳ್ಳಿ. ನಮ್ಮನೇಲಿ ನಾವು ಹೊರದೇಶದ್ದು ಒಂದು ಕಾಳೂ ತರಲ್ಲ.

ಪಣಂಬೂರು_ಮಾರಾಯ

ಅಮ್ಮಾ, ನಾನು ಹನ್ನೊಂದು ವರ್ಷ ಬಂದರಲ್ಲಿ ಕಸ್ಟಮ್ಸ್ ಕೈಯಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಆಫೀಸಲ್ಲಿ ಇದ್ದವ, ಮಂಗಳೂರು ಮತ್ತೆ ಕೊಚ್ಚಿ. ನಿಮ್ಮ ಪ್ರಶ್ನೆಗೆ ಉತ್ತರ ಎರಡೂ ಹೌದು, ಸ್ಟಿಕರ್ ಅಂಟಿಸುವುದು ಕಾನೂನೇ, ಆದ್ರೆ ನಿಮಗೆ ಸಿಕ್ಕಿದ ಸ್ಟಿಕರ್ ಕಳ್ಳತನದ್ದು.

ಹೇಗೆ ಅಂದ್ರೆ, 2017ರಲ್ಲಿ ಆಮದು ಆಹಾರಕ್ಕೆ ಅಂತಲೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಒಂದು ನಿಯಮಾವಳಿ ತಂದಿತು. ಹಡಗಿನಲ್ಲಿ ಮಾಲು ಬಂದಾಗ ಲೇಬಲ್‌ನಲ್ಲಿ ಕೆಲವು ಕೊರತೆ ಇದ್ರೆ ಕಸ್ಟಮ್ಸ್ ಬಾಂಡೆಡ್ ಗೋಡೌನ್ (ಸುಂಕ ಕಟ್ಟುವ ಮೊದಲು ಮಾಲು ಇಡುವ ಜಾಗ) ಒಳಗೇ ಸ್ಟಿಕರ್ ಹಾಕಿ ಸರಿ ಮಾಡ್ಲಿಕ್ಕೆ ಬಿಡ್ತಾರೆ. ಯಾವ ಕೊರತೆ? ಇಂಪೋರ್ಟರ್ ಹೆಸರು ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೋ ಮತ್ತು ಲೈಸೆನ್ಸ್ ನಂಬರ್, ಹಸಿರು ಚುಕ್ಕಿಯಾ ನಾನ್‌ವೆಜ್ ಗುರುತಾ ಎಂಬುದು, ಇಂಥದ್ದು. ತಯಾರಾದ ದಿನ, ಎಕ್ಸ್‌ಪೈರಿ, ಬ್ಯಾಚ್ ನಂಬರ್ ಇದೆಲ್ಲ ಕಂಪನಿಯವನೇ ಅಚ್ಚು ಹಾಕಿ ಕಳಿಸಬೇಕು, ಇಲ್ಲಿ ಅಂಟಿಸ್ಲಿಕ್ಕೆ ಇಲ್ಲ. ಡೇಟ್ ಇಲ್ಲದ ಡಬ್ಬ ಬಂದ್ರೆ ಆ ಲಾಟೇ ವಾಪಸ್ಸು ಅಥವಾ ನಾಶ. ಹಾಗಾಗಿ ಡೇಟು ಬರೀ ಸ್ಟಿಕರ್ ಮೇಲೆ ಮಾತ್ರ ಕಾಣ್ತಾ ಉಂಟು ಅಂದ್ರೆ ಅಲ್ಲೇ ಡೌಟ್ ಬರ್ಬೇಕು ಮಾರಾಯ್ರೆ.

ಇನ್ನೊಂದು ವಿಷಯ ಜನರಿಗೆ ಗೊತ್ತಿಲ್ಲ. ಬಂದರಿಗೆ ಬರುವ ಹೊತ್ತಿಗೆ ಮಾಲಿನ ಆಯುಸ್ಸು 60 ಪರ್ಸೆಂಟ್ ಆದರೂ ಉಳಿದಿರಬೇಕು, ಇಲ್ಲಾ ಎಕ್ಸ್‌ಪೈರಿಗೆ ಮೂರು ತಿಂಗಳಾದರೂ ಇರಬೇಕು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಹೊರದೇಶದ ಸೂಪರ್‌ಮಾರ್ಕೆಟಲ್ಲಿ ಮಾರಾಟ ಆಗದೆ ಉಳಿದದ್ದನ್ನು ಇಲ್ಲಿ ತಂದು ಸುರಿಯಬಾರದು ಅಂತ ಈ ರೂಲು. ಅಂಥ ಮಾಲು ಚೀಪಾಗಿ ಸಿಗ್ತದೆ, ತರ್ಲಿಕ್ಕೆ ನೋಡುವವರು ಇದ್ದೇ ಇರ್ತಾರೆ. ನನ್ನ ಅನುಮಾನ ನಿಮ್ಮ ಬಿಸ್ಕತ್ತು ಬಂದರಲ್ಲಿ ಸರಿಯಾಗೇ ಇಳಿದು ಆಮೇಲೆ ಯಾವುದೋ ಗೋಡೌನಲ್ಲಿ ಕೂತು ಹಳತಾಗಿ ಅಲ್ಲಿ ಸ್ಟಿಕರ್ ಬಿದ್ದದ್ದು. ಸ್ಟಿಕರಲ್ಲಿ ಇಂಪೋರ್ಟರ್ ಹೆಸರು ಉಂಟಾ?

ಜಯನಗರ_ಅಮ್ಮ

ಹೆಸರು ಇದೆ, ವಿಳಾಸ ಇಲ್ಲ. ಲೈಸೆನ್ಸ್ ನಂಬರ್ ಅಂತ ಇದೆ, ಎಣಿಸಿದೆ, 13 ಅಂಕಿ.

ಪಣಂಬೂರು_ಮಾರಾಯ

ಮುಗೀತು. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಅಂದ್ರೆ 14 ಅಂಕಿ. ಇಂಪೋರ್ಟರ್‌ಗೆ ಸೆಂಟ್ರಲ್ ಲೈಸೆನ್ಸೇ ಬೇಕು, ಅದು 100 ಅಂತ ಶುರುವಾಗ್ತದೆ. ಮನೇಲಿ ಇಂಪೋರ್ಟೆಡ್ ಡಬ್ಬ ಇದ್ದವರೆಲ್ಲ ಈಗಲೇ ಎದ್ದು ನೋಡಿ ಬನ್ನಿ, ನಂಬರನ್ನು ಲೈಸೆನ್ಸ್ ಕೊಡುವ ಸರ್ಕಾರಿ ಫೋಸ್ಕಾಸ್ ವೆಬ್‌ಸೈಟಲ್ಲಿ ಹಾಕಿದ್ರೆ ಕಂಪನಿ ಹೆಸರೇ ಬರ್ತದೆ.

ಪ್ರಶ್ನೆ_ಪತ್ರಿಕೆ

ನೋಡ್ದೆ. ನಮ್ಮನೆ ಫ್ರಿಜ್ ಬಾಗಿಲಲ್ಲಿರೋ ಚಾಕೊಲೇಟ್‌ಗೆ ಸ್ಟಿಕರೇ ಇಲ್ಲ, ನಂಬರೂ ಇಲ್ಲ, ಅರಬ್ಬೀ ಅಕ್ಷರ ಮಾತ್ರ. ಅಂಗಡಿಯಿಂದಲೇ ತಂದದ್ದು.

ಪಣಂಬೂರು_ಮಾರಾಯ

ಅದು ಸೂಟ್‌ಕೇಸಲ್ಲಿ ಬಂದದ್ದು. ಗಲ್ಫಿಂದ ಬರುವವರು ಮನೆಗೆ ಅಂತ ತಂದು ಅಂಗಡಿಗೆ ಕೊಟ್ಟು ಹೋಗ್ತಾರೆ. ಅದು ಯಾವ ಲ್ಯಾಬಿನ ಮುಖವನ್ನೂ ನೋಡಿರುವುದಿಲ್ಲ. ಮಾಲು ಒಳ್ಳೇದೇ ಇರ್ಬಹುದು, ನಾನು ಬೇಡ ಅನ್ನುವುದಿಲ್ಲ, ನಮ್ಮ ಭಾವನೂ ತರ್ತಾರೆ ನಾನೂ ತಿಂತೇನೆ. ಆದ್ರೆ ತಿಂದು ಏನಾದ್ರೂ ಆದ್ರೆ ಹಿಡಿಯಲಿಕ್ಕೆ ಯಾರೂ ಸಿಗುವುದಿಲ್ಲ, ಅಷ್ಟೇ.

ಲ್ಯಾಬ್_ಇಲಿ

ಮೈಸೂರಿಂದ. ಆಹಾರ ಪರೀಕ್ಷೆ ಲ್ಯಾಬಲ್ಲಿ ನಾಲ್ಕು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ, ಗೊತ್ತಿರೋದು ಹೇಳ್ತೀನಿ.

ಬಂದರಲ್ಲಿ ಎಲ್ಲಾ ಕಂಟೇನರ್ ತೆಗೆದು ಪರೀಕ್ಷೆ ಮಾಡಲ್ಲ. ಕಸ್ಟಮ್ಸ್ ಕಂಪ್ಯೂಟರ್ ರಿಸ್ಕ್ ನೋಡಿ ಇದನ್ನ ಹಿಡಿ, ಇದನ್ನ ಬಿಡು ಅಂತ ಆರಿಸುತ್ತೆ. ಆರಿಸಿದ್ದಕ್ಕೆ ಮೊದಲು ಕಣ್ಣಲ್ಲಿ ನೋಡ್ತಾರೆ, ಲೇಬಲ್, ಹುಳ, ಹಾನಿ ಇಂಥದ್ದು, ಆಮೇಲೆ ಸ್ಯಾಂಪಲ್ ಎರಡು ಭಾಗ, ಒಂದು ಲ್ಯಾಬಿಗೆ, ಒಂದು ಎತ್ತಿಟ್ಕೊಳ್ಳೋದು. ರಿಪೋರ್ಟ್ ಐದು ದಿನದಲ್ಲಿ ಬರಬೇಕು. ಇಂಪೋರ್ಟರ್ ಒಪ್ಪದೆ ಅಪೀಲ್ ಹೋದ್ರೆ ಆ ಎತ್ತಿಟ್ಟ ಭಾಗ ರೆಫರಲ್ ಲ್ಯಾಬಿಗೆ ಹೋಗುತ್ತೆ, ನಮ್ಮ ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥಾ ಒಂದು ರೆಫರಲ್ ಲ್ಯಾಬು.

ಸೀನ ಅವ್ರೆ, ನೀವು ಹೇಳಿದ್ರಲ್ಲಿ ಹಾಲಿನ ಪುಡಿ ನೂರಕ್ಕೆ ನೂರು ನಿಜ. 2008, ಚೀನಾ. ಹಾಲಿಗೆ ನೀರು ಬೆರೆಸಿದ್ರೆ ಪ್ರೋಟೀನ್ ಕಮ್ಮಿ ಬರುತ್ತೆ, ಪ್ರೋಟೀನ್ ಅಳೆಯೋ ಹಳೇ ಟೆಸ್ಟು ನಿಜವಾಗಿ ಅಳೆಯೋದು ಸಾರಜನಕಾನ, ಅದಕ್ಕೆ ಸಾರಜನಕ ಜಾಸ್ತಿ ಇರೋ ಮೆಲಮೈನ್ ಸುರಿದ್ರು, ತಟ್ಟೆ ಮಾಡೋ ಪ್ಲಾಸ್ಟಿಕ್ಕಿಗೆ ಹಾಕೋ ಕೆಮಿಕಲ್ ಅದು. ಕೂಸುಗಳ ಕಿಡ್ನೀಲಿ ಕಲ್ಲು ಕಟ್ಟಿತು. ಆರು ಕೂಸು ಸತ್ತವು, ಸುಮಾರು 3 ಲಕ್ಷ ಕೂಸುಗಳಿಗೆ ಕಾಯಿಲೆ. ಭಾರತ ಆ ವರ್ಷ ಸೆಪ್ಟೆಂಬರಲ್ಲೇ ಚೀನಾದ ಹಾಲು, ಹಾಲಿನ ಪದಾರ್ಥ ನಿಲ್ಲಿಸ್ತು, ಆಮೇಲೆ ಚಾಕೊಲೇಟೂ ಸೇರಿಸಿ ಮತ್ತೆ ಮತ್ತೆ ಮುಂದುವರಿಸ್ಕೊಂಡು ಬಂದು 2019ರಲ್ಲಿ ಬಂದರುಗಳ ಲ್ಯಾಬಲ್ಲಿ ಮೆಲಮೈನ್ ಟೆಸ್ಟ್ ಮಾಡೋ ವ್ಯವಸ್ಥೆ ಆಗೋವರೆಗೂ ನಿಷೇಧ ಅಂತ ಆದೇಶ ಆಯ್ತು.

ಮಿಕ್ಕಿದ್ದು ಸ್ವಲ್ಪ ನಿಧಾನ. ಪ್ಲಾಸ್ಟಿಕ್ ಅಕ್ಕಿ ಗಲಾಟೆ 2017ರಲ್ಲಿ ನಮ್ಮಲ್ಲೂ ಬಂದಿತ್ತು, ಜನ ಅನ್ನ ಉಂಡೆ ಮಾಡಿ ಗೋಡೆಗೆ ಎಸೆದು ಪುಟಿಯುತ್ತೆ ಅಂತ ವಿಡಿಯೋ ಹಾಕಿದ್ರು. ಹಳೇ ಸೋನಾಮಸೂರಿ ಬಿಸಿ ಅನ್ನ ಹಿಸುಕಿ ಉಂಡೆ ಕಟ್ಟಿದ್ರೂ ಪುಟಿಯುತ್ತೆ ಸ್ವಾಮಿ. ಪ್ಲಾಸ್ಟಿಕ್ ಕೆಜಿ ಎಷ್ಟು, ಅಕ್ಕಿ ಕೆಜಿ ಎಷ್ಟು? ಲಾಭಕ್ಕೆ ಕಲಬೆರಕೆ ಮಾಡೋನು ದುಬಾರಿ ಸಾಮಾನು ತಂದು ಅಗ್ಗದ್ದಕ್ಕೆ ಬೆರೆಸ್ತಾನಾ? ಆಪಲ್‌ಗೆ ಜೇನುಮೇಣ, ಕಾರ್ನೌಬಾ (ಒಂದು ಥರ ತಾಳೆ ಎಲೆ ಮೇಣ), ಶೆಲ್ಯಾಕ್ (ಅರಗಿಂದು) ಈ ಮೂರು ಮೇಣಕ್ಕೆ ಪರ್ಮಿಶನ್ ಇದೆ, ಮೇಣ ಹಾಕಿದೀವಿ ಅಂತ ಬರೀಬೇಕು, ಅಂಗಡೀಲಿ ಯಾರೂ ಬರೆಯಲ್ಲ ಅನ್ನೋದು ಬೇರೆ ಮಾತು. 8ರ ನಂಬರ್ ಕತೆ ವಾಟ್ಸಾಪಿಂದು, ಆ ನಂಬರ್ ಅಂಗಡಿ ಬಿಲ್ಲಿಂಗಿಗೆ ಇರೋದು, 9ರಿಂದ ಶುರುವಾಗೋ ಐದಂಕಿ ಅಂದ್ರೆ ಸಾವಯವ, ಅದಷ್ಟೇ ನಿಜ.

ನನ್ನ ಸಂಕಟ ಬೇರೆ. "ಹೊರದೇಶದ್ದು ಒಂದು ಕಾಳೂ ತರಲ್ಲ" ಅಂದ್ರಲ್ಲ, ಇವತ್ತು ಮಧ್ಯಾಹ್ನ ಏನು ಊಟ ಮಾಡಿದ್ರಿ ಹೇಳಿ.

ಸ್ವದೇಶಿ_ಸೀನ

ಅನ್ನ, ಸಾರು, ಹಪ್ಪಳ, ಮಜ್ಜಿಗೆ. ಅಪ್ಪಟ ನಮ್ಮ ಊಟ.

ಲ್ಯಾಬ್_ಇಲಿ

ಸಾರಿನ ಒಗ್ಗರಣೆಗೆ ಇಂಗು ಹಾಕಿರ್ತೀರ, ಆ ಗಿಡದ ಹಾಲು ಬಂದಿದ್ದು ಅಫ್ಘಾನಿಸ್ತಾನದಿಂದ ಇಲ್ಲಾ ಇರಾನಿಂದ. ಇಂಡಿಯಾದಲ್ಲಿ ಇಂಗಿನ ಗಿಡ ಮೊದಲು ನೆಟ್ಟಿದ್ದೇ 2020ರ ಅಕ್ಟೋಬರಲ್ಲಿ, ಹಿಮಾಚಲದ ಲಾಹೌಲ್‌ನಲ್ಲಿ. ಹಪ್ಪಳ ಕರಿದ ಎಣ್ಣೆ ಪಾಮಾಯಿಲ್ ಆದ್ರೆ ಇಂಡೋನೇಷ್ಯಾ, ಮಲೇಷ್ಯಾ. ಸೂರ್ಯಕಾಂತಿ ಆದ್ರೆ ಉಕ್ರೇನ್, ರಷ್ಯಾ, 2022ರಲ್ಲಿ ಯುದ್ಧ ಶುರುವಾದಾಗ ನಿಮ್ಮ ಬೀದಿ ಅಂಗಡೀಲಿ ಎಣ್ಣೆ ರೇಟು ಯಾಕೆ ಹಾರ್ತು ಅಂದ್ಕೊಂಡ್ರಿ? ದೇಶಕ್ಕೆ ಬೇಕಾದ ಅಡುಗೆ ಎಣ್ಣೇಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದು. ಪಲಾವ್ ಚಕ್ಕೆ ವಿಯೆಟ್ನಾಂ, ಚೀನಾ. ಹಬ್ಬದ ಗಸಗಸೆ ಪಾಯಸ ಮಾಡಿದ್ರೆ ಆ ಗಸಗಸೆ ಟರ್ಕಿದು ಇರೋ ಚಾನ್ಸ್ ಜಾಸ್ತಿ. ಬೇಳೆ ವಿಷಯ ಕಲಬುರಗಿಯೋರು ಯಾರಾದ್ರೂ ಇದ್ರೆ ಹೇಳ್ಲಿ.

ನಾವು ಹೆದರೋದು ವರ್ಷಕ್ಕೊಂದ್ಸಲ ತಿನ್ನೋ ಚಾಕೊಲೇಟಿಗೆ, ದಿನಾ ಒಲೆ ಮೇಲಿಡೋದಕ್ಕೆ ಎಲ್ಲಿಂದ ಬಂತು ಅಂತ ಕೇಳೋದೂ ಇಲ್ಲ. ಅದೇ ನನ್ನ ಸಂಕಟ.

ತೊಗರಿ_ಕಣಜ

ಇದ್ದೀನ್ರಿ, ಕಲಬುರಗಿಯಿಂದ. ನಮ್ಮ ತೊಗರಿಗಿ 2019ರಾಗ ಜಿಐ ಟ್ಯಾಗ್ (ಇದು ಈ ಊರಿಂದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕೈತಿ, ಸುಣ್ಣದ ಅಂಶ ಇರೋ ಕಪ್ಪು ಮಣ್ಣು, ಬ್ಯಾಳಿ ಲಗೂನ ಬೇಯ್ತದ, ರುಚಿ ಬ್ಯಾರೆನೇ ಇರ್ತದ. ಆದ್ರ ಏನ್ ಉಪಯೋಗ್ರಿ, 2021ರಾಗ ತೊಗರಿ ಆಮದಿನ ಮ್ಯಾಲಿದ್ದ ನಿರ್ಬಂಧ ತೆಗೆದ್ರು, ಮ್ಯಾನ್ಮಾರ್, ಮೊಜಾಂಬಿಕ್, ಟಾಂಜಾನಿಯಾ, ಮಲಾವಿಯಿಂದ ಹಡಗುಗಟ್ಟಲೆ ಬರ್ತದ. 2025-26ಕ್ಕ ಬೆಂಬಲ ಬೆಲಿ ಕ್ವಿಂಟಲಿಗಿ 8000 ಅಂತ ಹೇಳ್ಯಾರ, ಮಾರ್ಕೆಟಿನ್ಯಾಗ ಆ ರೇಟು ಸಿಗಂಗಿಲ್ಲ ಅನ್ನೋದ ನಮ್ಮ ಗೋಳು. ಮ್ಯಾಲ ನೆಟೆ ರೋಗ ಬ್ಯಾರೆ, ನಿಂತ ಗಿಡ ನಿಂತಂಗೇ ಒಣಗಿ ಹೋಗ್ತದ.

ನಾ ಹೊರಗಿನ ತೊಗರಿ ವಿಷ ಅನ್ನಂಗಿಲ್ರಿ, ಅಲ್ಲಿ ಬೆಳೆಯೋರೂ ನಮ್ಮಂಥ ರೈತರೇ. ಆದ್ರ ಚೀಲ ಬಿಚ್ಚಿ ಮಿಲ್ಲಿನ್ಯಾಗ ನಮ್ಮ ತೊಗರಿ ಜೋಡಿ ಕೂಡಿಸಿ ಬ್ಯಾಳಿ ಮಾಡಿ "ಗುಲ್ಬರ್ಗಾ ಬ್ಯಾಳಿ" ಅಂತ ಬೆಂಗಳೂರಿನ್ಯಾಗ ಮಾರಿದ್ರ ಯಾರಿಗಿ ತಿಳೀತದ? ಪ್ಯಾಕೆಟ್ಟಿನ ಮ್ಯಾಲ ಮಿಲ್ಲಿನ ಊರು ಇರ್ತದ, ಕಾಳು ಹುಟ್ಟಿದ ಊರು ಇರಂಗಿಲ್ಲ. ಬಿಡಿ ಬ್ಯಾಳಿ ಅಂತೂ ಕೇಳೋದೇ ಬ್ಯಾಡ. ಬಟಾಣಿ ಕತಿನೂ ಇದೇ ಅದ, ಹಳದಿ ಬಟಾಣಿ ಕೆನಡಾ, ರಷ್ಯಾದಿಂದ ಬಂದು ಹಿಟ್ಟಾಗಿ ಕಡ್ಲಿ ಹಿಟ್ಟಿನ್ಯಾಗ ಕೂಡ್ತದ. ಮಿರ್ಚಿ ಬಜಿ ಗರಿಗರಿ ಬರ್ಲಿಲ್ಲ ಅಂತ ಹೆಂಡ್ತಿಗಿ ಬೈಬ್ಯಾಡ್ರಿ, ಹಿಟ್ಟು ನೋಡ್ರಿ.

ಪ್ರಶ್ನೆ_ಪತ್ರಿಕೆ

ಕೆನಡಾ ಬೇಳೆಗೆ ಕಳೆನಾಶಕ ಹೊಡೆದು ಒಣಗಿಸ್ತಾರೆ ಅಂತ ಓದಿದ್ದೆ, ಅದೂ ವಾಟ್ಸಾಪಾ?

ಲ್ಯಾಬ್_ಇಲಿ

ಅಲ್ಲ, ಅದು ನಿಜ. ಅಲ್ಲಿ ಕೊಯ್ಲಿಗೆ ಮೊದಲು ಮಳೆ, ಚಳಿ ಬಂದುಬಿಡುತ್ತೆ, ಗಿಡ ಒಂದೇ ಸಮ ಒಣಗಲಿ ಅಂತ ಗ್ಲೈಫೊಸೇಟ್ ಹೊಡೀತಾರೆ, ಮುಖ್ಯವಾಗಿ ಮಸೂರ್ ಬೇಳೆಗೆ. ನಮ್ಮಲ್ಲಿ ಬೇಳೆಯಲ್ಲಿ ಅದು ಎಷ್ಟಿರಬಹುದು ಅಂತ ಮಿತಿಯೇ ಇರಲಿಲ್ಲ, 2018ರಲ್ಲಿ ಎಫ್‌ಎಸ್‌ಎಸ್‌ಎಐ ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಇಟ್ಕೊಂಡು ನೋಡಿ ಅಂತ ಹೇಳಿತು, ಮಸೂರಿಗೆ ಕೆಜಿಗೆ 5 ಮಿಲಿಗ್ರಾಂ. ಮಿತಿ ಒಳಗಿದ್ರೆ ಗಾಬರಿ ಬೇಡ, ಆದ್ರೆ ತೊಳೆದು ನೆನೆಸಿ ಆ ನೀರು ಚೆಲ್ಲಿ ಬೇಯಿಸೋ ಅಭ್ಯಾಸ ಹೇಗಿದ್ರೂ ಒಳ್ಳೇದು.

ಸಿಂಗಪುರ_ಸೊಸೆ

ಇದನ್ನೆಲ್ಲಾ ಓದ್ತಾ ನಗು ಬರ್ತಿದೆ ನನಗೆ, ಯಾಕಂದ್ರೆ ಇಲ್ಲಿ ಸಿಂಗಪುರದಲ್ಲಿ ನಮ್ಮ ಮನೆ ಇಂಪೋರ್ಟೆಡ್ ಐಟಂ ಅಂದ್ರೆ ನಿಮ್ಮ ಊರಿನ ಮಸಾಲೆ ಪುಡಿ! 2024ರ ಏಪ್ರಿಲ್‌ನಲ್ಲಿ ಮೊದಲು ಹಾಂಗ್‌ಕಾಂಗ್, ಆಮೇಲೆ ಇಲ್ಲಿ, ಇಂಡಿಯಾದ ದೊಡ್ಡ ಕಂಪನಿಗಳ ಮಸಾಲೇಲಿ ಎಥಿಲಿನ್ ಆಕ್ಸೈಡ್ ಇದೆ ಅಂತ ಹೇಳಿದ್ರು, ಇಲ್ಲಿ ಫಿಶ್ ಕರಿ ಮಸಾಲೆ ವಾಪಸ್ ತಗೋಳಿ ಅಂತ ಆರ್ಡರ್ ಆಯ್ತು. ಲಿಟ್ಲ್ ಇಂಡಿಯಾದಲ್ಲಿ ಒಂದು ವಾರ ಎಲ್ಲರ ಬಾಯಲ್ಲೂ ಅದೇ ಮಾತು. ಪಕ್ಕದ ಫ್ಲಾಟಿನ ಚೈನೀಸ್ ಆಂಟಿ ಬಂದು "ನಿಮ್ಮ ಪೌಡರ್ ಸೇಫಾ" ಅಂತ ಕೇಳಿದ್ರು, ನಾವು ಅವ್ರ ಹಾಲಿನ ಪುಡಿ ಬಗ್ಗೆ ಕೇಳ್ತೀವಲ್ಲ ಹಾಗೇ. ನನಗೆ ಮುಖ ಎಲ್ಲಿಟ್ಕೊಳ್ಳಲಿ ಅನ್ನಿಸ್ತು.

ಈಗ ನಮ್ಮತ್ತೆ ಬರುವಾಗ ಮನೇಲೇ ಹುರಿದು ಪುಡಿ ಮಾಡಿಸಿದ ಸಾರಿನ ಪುಡಿ ತರ್ತಾರೆ. ಒಂದು ಎಚ್ಚರಿಕೆ, ಗಸಗಸೆ ಮಾತ್ರ ತರಬೇಡಿ, ಇಲ್ಲೂ ದುಬೈಲೂ ಅದು ಮಾದಕ ವಸ್ತು ಲೆಕ್ಕಕ್ಕೆ ಬರುತ್ತೆ, ಪಾಯಸದ ಆಸೆಗೆ ಏರ್‌ಪೋರ್ಟಲ್ಲಿ ಒಳಗೆ ಕೂರೋ ಹಾಗಾಗುತ್ತೆ.

ಲ್ಯಾಬ್_ಇಲಿ

ಎಥಿಲಿನ್ ಆಕ್ಸೈಡ್ ಯಾಕೆ ಹಾಕ್ತಾರೆ ಅಂದ್ರೆ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಕೊಲ್ಲಕ್ಕೆ, ಆಸ್ಪತ್ರೇಲಿ ಸಿರಿಂಜ್ ಶುದ್ಧ ಮಾಡೋ ಗ್ಯಾಸೇ ಅದು. ಉಳಿದುಕೊಂಡ್ರೆ ಕ್ಯಾನ್ಸರ್ ಭಯ. ಮಜಾ ನೋಡಿ, ಯುರೋಪಲ್ಲಿ ಆಹಾರಕ್ಕೆ ಅದನ್ನ ಬಳಸೋ ಹಾಗೇ ಇಲ್ಲ, 2020ರಲ್ಲಿ ನಮ್ಮ ಎಳ್ಳು ಅಲ್ಲಿ ಸಿಕ್ಕಿಬಿದ್ದು ಬ್ರೆಡ್ಡು, ಬನ್ನು ಎಲ್ಲಾ ವಾಪಸ್ ಕರೆಸಿದ್ರು. ಅಮೆರಿಕದಲ್ಲಿ ಮಸಾಲೆಗೆ 7 ಪಿಪಿಎಂವರೆಗೆ, ಅಂದ್ರೆ ಕೆಜಿಗೆ 7 ಮಿಲಿಗ್ರಾಂವರೆಗೆ ಓಕೆ. ಅದೇ ಪ್ಯಾಕೆಟ್ಟು ಒಂದು ದೇಶಕ್ಕೆ ಅಪಾಯ, ಇನ್ನೊಂದಕ್ಕೆ ಪಾಸು. ಅದಕ್ಕೇ "ಅಲ್ಲಿ ಬ್ಯಾನ್ ಆಗಿದೆ" ಅನ್ನೋ ಮಾತು ಕೇಳಿದ ತಕ್ಷಣ ಕುಣೀಬಾರದು, ಎಷ್ಟು ಸಿಕ್ತು, ಮಿತಿ ಎಷ್ಟು ಅಂತ ಕೇಳಬೇಕು.

ಮೆಣಸಿನ_ಬಳ್ಳಿ

ಕೊಡಗು. ನಮ್ಮ ಪಾಡು ಒಂದು ಸಾಲಲ್ಲಿ. ವಿಯೆಟ್ನಾಂ ಕಾಳುಮೆಣಸು ಶ್ರೀಲಂಕಾ ಸುತ್ತಿಕೊಂಡು ಅಲ್ಲಿನ ಮಾಲು ಅನ್ನೋ ಹೆಸರಲ್ಲಿ ಕಡಿಮೆ ಸುಂಕಕ್ಕೆ ಬಂದು, 2017ರಲ್ಲಿ ಗೋಣಿಕೊಪ್ಪ ಎಪಿಎಂಸಿವರೆಗೂ ಬಂದು ಗಲಾಟೆ ಆಗಿ, ಆ ಡಿಸೆಂಬರಲ್ಲಿ ಕೇಂದ್ರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ದರ, ಅದಕ್ಕಿಂತ ಅಗ್ಗಕ್ಕೆ ತರೋ ಹಾಗಿಲ್ಲ ಅಂತ ಹಾಕ್ತು. ತಿನ್ನೋರಿಗೆ ಸೇಫ್ಟಿ ಪ್ರಶ್ನೆ, ನಮಗೆ ಹೊಟ್ಟೆ ಪ್ರಶ್ನೆ. ಆದ್ರೆ ಎರಡಕ್ಕೂ ಬೇಕಾಗಿರೋದು ಒಂದೇ, ಎಲ್ಲಿಂದ ಬಂತು ಅಂತ ಚೀಲದ ಮೇಲೆ ನಿಜ ಬರೀರಿ ಅಂತ.

ಜಯನಗರ_ಅಮ್ಮ

ಅಪ್‌ಡೇಟ್. ಡಬ್ಬ, ಬಿಲ್ಲು ಹಿಡ್ಕೊಂಡು ಅಂಗಡಿಗೆ ಹೋದೆ. ಹುಡುಗ "ಮೇಡಂ ಎಲ್ಲಾ ಡಬ್ಬದ್ದೂ ಹಂಗೇ ಬರೋದು, ಯಾರೂ ಕೇಳಲ್ಲ" ಅಂದ. ಓನರ್ ಬಂದು ಮಾತಿಲ್ಲದೆ ದುಡ್ಡು ವಾಪಸ್ ಕೊಡಕ್ಕೆ ಬಂದ್ರು, ಡಬ್ಬ ಕೊಟ್ಟು ಹೋಗಿ ಅಂದ್ರು. ಡಬ್ಬ ಕೊಡಲ್ಲ ಅಂದೆ. ಮನೆಗೆ ಬಂದು ಫುಡ್ ಸೇಫ್ಟಿ ಕನೆಕ್ಟ್ ಆಪ್‌ನಲ್ಲಿ ಸ್ಟಿಕರ್ ಮೇಲಿಂದು, ಕೆಳಗಿಂದು, ಬಿಲ್ಲು ಮೂರೂ ಫೋಟೋ ಹಾಕಿ ಕಂಪ್ಲೇಂಟ್ ಕೊಟ್ಟೆ, 1915ಕ್ಕೂ ಫೋನ್ ಮಾಡಿದೆ, ಗ್ರಾಹಕರ ಹೆಲ್ಪ್‌ಲೈನ್ ಅದು. ಒಂಬತ್ತನೇ ದಿನ ಇನ್‌ಸ್ಪೆಕ್ಷನ್‌ಗೆ ಹೋಗಿದ್ವಿ ಅಂತ ಫೋನ್ ಬಂತು. ಅಷ್ಟರಲ್ಲಿ ಆ ಸಾಲು ಖಾಲಿ, ಅಲ್ಲಿ ಈಗ ಶಾಂಪೂ ಜೋಡಿಸಿದ್ದಾರೆ.

ಪಣಂಬೂರು_ಮಾರಾಯ

ಡಬ್ಬ ಕೊಡದೆ ಇಟ್ಕೊಂಡದ್ದು ಒಳ್ಳೇದಾಯ್ತು ಅಮ್ಮ. ಬಹಳ ಜನ ದುಡ್ಡು ಬಂತಲ್ಲ ಅಂತ ಸಾಕ್ಷಿಯನ್ನೇ ಕೊಟ್ಟು ಬರ್ತಾರೆ.

ಜಯನಗರ_ಅಮ್ಮ

ಥ್ಯಾಂಕ್ಸ್ ಎಲ್ರಿಗೂ. ಈಗ ನಮ್ಮನೇಲಿ ಎಲ್ಲಾ ಡಬ್ಬದ ತಪಾಸಣೆ ನಡೀತಿದೆ, ಮಗಳೇ ಇನ್‌ಸ್ಪೆಕ್ಟರ್. ಇಂಗಿನ ಡಬ್ಬೀಲಿ ಅರ್ಧಕ್ಕಿಂತ ಜಾಸ್ತಿ ಮೈದಾ, ಗೋಂದು ಅಂತ ಬರೆದಿದೆ, ಇಷ್ಟು ವರ್ಷ ಓದೇ ಇರಲಿಲ್ಲ. ಇಲಿ ಅವ್ರೆ, ಚಕ್ಕೆ ಫೋಟೋ ಹಾಕಿದೀನಿ ನೋಡಿ, ಇದು ಯಾವುದು? ಪಲಾವ್‌ಗೂ ಇದೇ, ನಮ್ಮತ್ತೆ ಶುಗರ್‌ಗೆ ಒಳ್ಳೇದು ಅಂತ ದಿನಾ ಬೆಳಗ್ಗೆ ಒಂದು ಚಮಚ ಪುಡಿ ಬಿಸಿನೀರಿಗೆ ಹಾಕ್ಕೊಂಡು ಕುಡಿಯೋದೂ ಇದನ್ನೇ.

ಲ್ಯಾಬ್_ಇಲಿ

ದಪ್ಪ, ಗಟ್ಟಿ, ಒಂದೇ ಸುತ್ತು, ಮುರಿದ್ರೆ ಟಕ್ ಅನ್ನುತ್ತೆ ಅಲ್ವಾ? ಕ್ಯಾಸಿಯಾ, ದಾಲ್ಚಿನ್ನಿ ಜಾತಿದೇ ಬೇರೆ ಮರದ ಚಕ್ಕೆ. ಶ್ರೀಲಂಕಾದ ಅಸಲಿ ದಾಲ್ಚಿನ್ನಿ ಒಣಗಿದ ಈರುಳ್ಳಿ ಸಿಪ್ಪೆ ಥರ ತೆಳ್ಳಗೆ, ಹತ್ತಾರು ಪದರ ಸುರುಳಿ ಸುತ್ತಿ ಬೀಡಿ ಹಾಗಿರುತ್ತೆ, ಬೆರಳಲ್ಲೇ ಪುಡಿಯಾಗುತ್ತೆ. ಕ್ಯಾಸಿಯಾದಲ್ಲಿ ಕೌಮರಿನ್ ಅನ್ನೋ ವಸ್ತು ಜಾಸ್ತಿ, ಕೆಲವರಿಗೆ ಲಿವರ್‌ಗೆ ತೊಂದರೆ ಕೊಡುತ್ತೆ. ಯುರೋಪಿನವರ ಲೆಕ್ಕದಲ್ಲಿ 60 ಕೆಜಿ ತೂಕದವರಿಗೆ ದಿನಕ್ಕೆ ಹೆಚ್ಚುಕಮ್ಮಿ 2 ಗ್ರಾಂ ಪುಡಿಗೇ ಮಿತಿ ಮುಟ್ಟುತ್ತೆ, ಒಂದು ಚಮಚ ಅಂದ್ರೆ ಅದಕ್ಕಿಂತ ಜಾಸ್ತಿನೇ.

ಜಯನಗರ_ಅಮ್ಮ

ಅಯ್ಯೋ. ಎರಡು ವರ್ಷದಿಂದ ಕುಡೀತಿದಾರೆ. ಪಲಾವ್?

ಲ್ಯಾಬ್_ಇಲಿ

ಪಲಾವ್‌ಗೆ ಎರಡು ತುಂಡು ಹಾಕಿ ಆರಾಮಾಗಿ ತಿನ್ನಿ. ಅತ್ತೆ ಲೋಟ ನಾಳೆಯಿಂದ ನಿಲ್ಲಿಸಿ, ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ಹೀಗೆ ಕುಡೀತಿದ್ರು ಅಂತ ಹೇಳಿ ಲಿವರ್ ಟೆಸ್ಟ್ ಒಂದು ಮಾಡಿಸಿ.

ಜಯನಗರ_ಅಮ್ಮ

ನಾನು ಹೇಳಿದ್ರೆ ಕೇಳಲ್ಲ. ಮಗಳ ಕೈಲಿ ಹೇಳಿಸ್ತೀನಿ.